ಸಾಕುವ ಪ್ರೀತಿಯೂ ಬಂಧವೇ

ಕೊಲ್ಹಾಪುರ ಜಿಲ್ಲೆಯ ನಾಂದಣಿ ಜೈನಮಠದಲ್ಲಿ 1992ರಿಂದ ಇದ್ದ ‘ಮಹಾದೇವಿ’ ಎಂಬ ಹೆಣ್ಣಾನೆಯನ್ನು ಗುಜರಾತಿನ ಜಾಮನಗರದ ಪ್ರಾಣಿಕೇಂದ್ರಕ್ಕೆ ಒಪ್ಪಿಸಬೇಕೆಂದು 2025ರ ಜುಲೈನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಆದೇಶಿಸಿತು. ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಆನೆ ಹೊರಟಾಗ ಊರೇ ಕಣ್ಣೀರಿಟ್ಟಿತು. ಆಗಸ್ಟಿನಲ್ಲಿ ಸಾವಿರಾರು ಜನರು ಅದನ್ನು ಮರಳಿಸಿರೆಂದು ಪಾದಯಾತ್ರೆ ನಡೆಸಿದರು. ಆ ಕಣ್ಣೀರು ನಿಜವಾದುದೇ. ಆದರೆ ಆನೆಯ ಹಿತದ ಪ್ರಶ್ನೆ ಅದರಲ್ಲಿ ಮುಳುಗಿಹೋಯಿತು.

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರವು ಎಣಿಸಿದೆ. ಹೊಡೆಯುವುದು, ಅಂಗ ಕತ್ತರಿಸುವುದು, ಅತಿಭಾರ ಹೇರುವುದು, ಅನ್ನಪಾನ ತಡೆಯುವುದು ಇವೆಲ್ಲಕ್ಕೂ ಮೊದಲು ಬರುವುದು ಬಂಧ, ಅಂದರೆ ಕಟ್ಟಿಹಾಕುವುದು. ‘ಹೊಡೆಯಲಿಲ್ಲ, ಉಪವಾಸ ಕೆಡವಲಿಲ್ಲ’ ಎನ್ನುವವರು ಉಳಿದವುಗಳಿಗೆ ಉತ್ತರ ಕೊಟ್ಟಂತಾಯಿತೇ ಹೊರತು ಮೊದಲನೆಯದಕ್ಕೆ ಕೊಟ್ಟಂತಾಗಲಿಲ್ಲ. ಮೇಲಾಗಿ, ಬಾಹ್ಯ ಪರಿಗ್ರಹಗಳಲ್ಲಿ ಹೊಲ, ಮನೆ, ಧನ, ಧಾನ್ಯಗಳೊಡನೆ ಚತುಷ್ಪದಗಳೂ ಸೇರಿವೆ. ಮಠದ ಆನೆಯೂ ಲೆಕ್ಕಕ್ಕೆ ಆಸ್ತಿಯೇ. ಹೊಲಕ್ಕೆ ತನ್ನದೆಂಬ ಸುಖದುಃಖವಿಲ್ಲ, ಆನೆಗೆ ಉಂಟು.

ಹೆಣ್ಣಾನೆಯು ಹುಟ್ಟಿದ ಹಿಂಡಿನಲ್ಲಿಯೇ ತಾಯಿ, ಅಕ್ಕತಂಗಿಯರೊಡನೆ ಬಾಳುವ ಜೀವ. ದಿನದ ಬಹುಪಾಲು ಮೇಯುತ್ತ ನಡೆಯುವುದು ಅದರ ಸ್ವಭಾವ. ಗಟ್ಟಿನೆಲದ ಮೇಲೆ ಸರಪಳಿಯಲ್ಲಿ ನಿಂತರೆ ಅಂಗಾಲು ಕೆಡುತ್ತದೆ. ಬೆಲ್ಲ, ಬಾಳೆಹಣ್ಣು, ಆರತಿಗಳು ಆ ನಷ್ಟವನ್ನು ತುಂಬಲಾರವು.

ಸಂಪ್ರದಾಯವೆಂದು ವಾದಿಸುವವರು ನೇಮಿನಾಥ ತೀರ್ಥಂಕರರನ್ನು ನೆನೆಯಲಿ. ವಿವಾಹದ ಔತಣಕ್ಕೆ ಪಶುಗಳನ್ನು ಕೂಡಿಹಾಕುವುದು ಅಂದಿನ ರೂಢಿಯೇ ಆಗಿತ್ತು. ಅವುಗಳ ಮೊರೆ ಕಿವಿಗೆ ಬಿದ್ದೊಡನೆ ಅವರು ರಥವನ್ನು ಹಿಂದಿರುಗಿಸಿದರು. ಗುಜರಾತಿನ ಕೇಂದ್ರವೂ ಬಂಧನವಲ್ಲವೇ ಎಂಬ ಆಕ್ಷೇಪವುಂಟು. ಒಡೆಯ ಬದಲಾದ ಮಾತ್ರಕ್ಕೆ ಬಂಧ ಕಳಚದೆಂಬುದು ದಿಟ. ಆದರೆ ಪರರ ದೋಷವು ಶ್ರಾವಕರ ದೋಷಕ್ಕೆ ಜಾಮೀನಾಗಲಾರದು.

ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯು ಧಾರ್ಮಿಕ ಉದ್ದೇಶಕ್ಕಾಗಿ ಆನೆಯ ಹಸ್ತಾಂತರಕ್ಕೆ ಅವಕಾಶ ಕೊಟ್ಟಿದೆ. ಕಾನೂನು ಬಿಟ್ಟುಕೊಟ್ಟದ್ದನ್ನೆಲ್ಲ ವ್ರತವೂ ಬಿಟ್ಟುಕೊಡಬೇಕಾಗಿಲ್ಲ. ಆದುದರಿಂದ ಬಸದಿ, ಮಠಗಳ ಆಡಳಿತ ಮಂಡಳಿಗಳು ಇನ್ನು ಹೊಸ ಆನೆಯನ್ನು ತರುವುದಿಲ್ಲವೆಂದು ನಿರ್ಣಯಿಸಲಿ. ಇರುವ ಆನೆಗೆ ಮೆರವಣಿಗೆಯ ದುಡಿಮೆ ತಪ್ಪಿಸಿ, ಮಣ್ಣಿನ ನೆಲ, ಸಜಾತಿಯ ಸಂಗ, ವೈದ್ಯೋಪಚಾರಗಳನ್ನು ಕೊನೆಯವರೆಗೂ ಒದಗಿಸಲಿ. ಅದನ್ನು ದಾನದ ಬಾಬಿಗೆ ಬರೆಯದೆ ಸಾಲದ ಬಾಬಿಗೆ ಬರೆಯಲಿ. ಉತ್ಸವಕ್ಕೆ ಆನೆ ಬೇಕೇಬೇಕೆಂದರೆ, ಕೇರಳದ ತ್ರಿಶೂರು ಜಿಲ್ಲೆಯ ಇರಿಂಜಾಡಪ್ಪಿಳ್ಳಿ ಕೃಷ್ಣ ದೇವಾಲಯವು 2023ರಲ್ಲಿಯೇ ಯಂತ್ರದ ಆನೆಯನ್ನು ಸ್ವೀಕರಿಸಿದೆ. ಅಹಿಂಸೆಯನ್ನು ಲೋಕಕ್ಕೆ ಬೋಧಿಸಿದ ಸಮಾಜವು ಈ ವಿಷಯದಲ್ಲಿ ಹಿಂದುಳಿಯಬೇಕೇ?