ಹಾಲಿಗೆ ಮಿತಿ ಬೇಡ, ಮಾರುಕಟ್ಟೆ ಬೇಕು



ಹಸಿರು ಮೇವು ಸಿಕ್ಕಿ ಹಾಲು ಹೆಚ್ಚಾದಾಗಲೆಲ್ಲ, ರೈತರಿಂದ ಕೊಳ್ಳುವ ಹಾಲಿಗೆ ಮಿತಿ ಹಾಕಬೇಕೆಂಬ ಮಾತು ಕೇಳಿಬರುತ್ತದೆ. ಈ ಯೋಚನೆ ಸರಿಯಲ್ಲ.

ಬೆಣ್ಣೆ, ಹಾಲಿನ ಪುಡಿ ರಾಶಿ ಬಿದ್ದಾಗ ಯುರೋಪಿನಲ್ಲಿ 1984ರಲ್ಲಿ ಹಾಲಿನ ಕೋಟಾ ಜಾರಿಗೆ ಬಂತು. ಮಿತಿ ಮೀರಿದರೆ ದಂಡ. ಹಲವು ದೇಶಗಳಲ್ಲಿ ಕೋಟಾವೇ ಮಾರಾಟದ ಸರಕಾಯಿತು. ಹೈನುಗಾರಿಕೆಗೆ ಹೊಸದಾಗಿ ಇಳಿಯುವವರು ಹಸುವಿನ ಜೊತೆ ಅದನ್ನೂ ಕೊಳ್ಳಬೇಕಾಯಿತು. 2015ರ ಮಾರ್ಚ್ 31ಕ್ಕೆ ಅದು ಕೊನೆಗೊಂಡಿತು. ಬೆಲೆ ಕುಸಿದು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರೈತರು ಟ್ರ್ಯಾಕ್ಟರ್ ಸಮೇತ ಬ್ರಸೆಲ್ಸ್‌ನಲ್ಲಿ ಬೀದಿಗಿಳಿದರು. ಅಂದರೆ ಮಿತಿ ಹಾಕುವುದಾಗಲಿ, ಸುಮ್ಮನೆ ತೆಗೆಯುವುದಾಗಲಿ ಪರಿಹಾರವಲ್ಲ; ಹಾಲಿಗೆ ಮಾರುಕಟ್ಟೆ ಬೇಕು.

ನಮ್ಮ ಕೊಟ್ಟಿಗೆಯಲ್ಲಿರುವುದು ಎರಡೇ ಹಸು. ಕೆಚ್ಚಲಿಗೆ ರಜೆ ಇಲ್ಲ. ಒಂದು ಹೊತ್ತು ಕರೆಯದಿದ್ದರೆ ಅದು ಬಿಗಿದು ಹಸು ಒದ್ದಾಡುತ್ತದೆ. ಲಾಕ್‌ಡೌನ್‌ನಲ್ಲಿ ಒಂದು ಸಂಜೆ ಡೇರಿಯಿಂದ ವಾಪಸ್ ಬಂದ ನಾಲ್ಕು ಲೀಟರ್ ಹಾಲನ್ನು ತಿಪ್ಪೆಗೆ ಸುರಿದೆ. ಆ ನೋವು ಇನ್ನೂ ಮಾಸಿಲ್ಲ.

ದಾರಿ ನಮ್ಮಲ್ಲೇ ಇದೆ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಿಂದ ಹಾಲಿನ ಪುಡಿ ಶಾಲೆ ಮಕ್ಕಳ ಲೋಟ ಸೇರಿತು. 2020ರಲ್ಲಿ ಸರ್ಕಾರವೇ ಹಾಲು ಕೊಂಡು ಬಡವರಿಗೆ ಹಂಚಿತು. ಹಾಸ್ಟೆಲ್, ಆಸ್ಪತ್ರೆಗಳಿಗೂ ಹಾಲು ಹೋಗಲಿ. ಹಾಲಿಗೆ ಸರ್ಕಾರ ಕೊಡುವ ಪ್ರೋತ್ಸಾಹಧನ ತಿಂಗಳು ತಿಂಗಳಿಗೆ ಕೈಸೇರಲಿ. ಮಿತಿ ಅನಿವಾರ್ಯವಾದರೂ ಒಂದೆರಡು ಹಸು ಸಾಕುವವರನ್ನು ಅದರಿಂದ ಹೊರಗಿಡಿ. ಹಾಲಿನ ಬಟವಾಡೆಯೇ ನಮ್ಮ ಮನೆಯ ದಿನಸಿ, ಮಕ್ಕಳ ಶಾಲೆ ಫೀಸು.

– ಹಾಲು ಉತ್ಪಾದಕಿ, ಚನ್ನರಾಯಪಟ್ಟಣ ತಾಲ್ಲೂಕು