ಕಲ್ಲಿಗೆ ಕೊಡುವವರೇ, ಕೊಂಡಿಗೂ ಕೊಡಿರಿ

ಶ್ರೀಮಠದ ಸದ್ಭಕ್ತರೊಡನೆಯೂ ನಮ್ಮ ಪ್ರಸಾದ ನಿಲಯದಲ್ಲಿ ಉಂಡು ಓದಿ ಹೋದ ಹಳೆಯ ವಿದ್ಯಾರ್ಥಿಗಳೊಡನೆಯೂ ಈ ತಿಂಗಳು ಸ್ವಲ್ಪ ಕಟುವಾಗಿಯೇ ಮಾತನಾಡಬೇಕಾಗಿದೆ. ಹಿತವರು ಮುನಿಯಲಾರರೆಂಬ ನಂಬಿಕೆಯಿಂದ ಬರೆಯುತ್ತಿದ್ದೇವೆ.

ಕಳೆದ ಸುಗ್ಗಿಯ ತರುವಾಯ ಕಾರಟಗಿಯ ಅಕ್ಕಿ ಗಿರಣಿಯ ಮಾಲೀಕರೊಬ್ಬರು ದರ್ಶನಕ್ಕೆ ಬಂದರು. ಶ್ರೀಮಠಕ್ಕೆ ಕಲ್ಲಿನ ಮಹಾದ್ವಾರವೊಂದನ್ನು ಕಟ್ಟಿಸಿಕೊಡಬೇಕೆಂಬುದು ಅವರ ಅಪೇಕ್ಷೆ. ಏಳು ಲಕ್ಷ ರೂಪಾಯಿ ತೆಗೆದಿರಿಸಿದ್ದರು, ನಕ್ಷೆಯನ್ನೂ ತಂದಿದ್ದರು. ನಾವೆಂದೆವು: “ದ್ವಾರದ ಮಾತು ಆಮೇಲಾಗಲಿ. ನಮ್ಮ ಕಾಲುವೆಯ ನೀರು ಬಳಕೆದಾರರ ಸಂಘಗಳು ಕೂಡಿ ಒಂದು ಒಕ್ಕೂಟ ಮಾಡಿಕೊಂಡಿವೆ; ಅದಕ್ಕೊಬ್ಬ ಗುಮಾಸ್ತನಿಲ್ಲ. ಮೂರು ವರ್ಷ ಅವನ ಸಂಬಳವನ್ನು ತಾವು ವಹಿಸಿಕೊಳ್ಳಿರಿ.” ಭಕ್ತರು ಒಂದು ಕ್ಷಣ ಸುಮ್ಮನಿದ್ದು ಬಹು ಪ್ರಾಮಾಣಿಕವಾಗಿ ಕೇಳಿದರು: “ಅಜ್ಜಾರ, ಗುಮಾಸ್ತನ ಪಗಾರಕ್ಕ ಹೆಸರು ಎಲ್ಲಿ ಕೆತ್ತಸೂದ್ರೀ?”

ಅವರನ್ನು ಹಾಸ್ಯ ಮಾಡುವುದಕ್ಕಾಗಿ ಇದನ್ನು ಬರೆದಿಲ್ಲ. ಅವರು ಬಾಯಿಬಿಟ್ಟು ಕೇಳಿದ್ದನ್ನು ನಮ್ಮಲ್ಲಿ ನೂರು ಮಂದಿ ಮನಸ್ಸಿನಲ್ಲಿಯೇ ಕೇಳಿಕೊಂಡು, ಕಲ್ಯಾಣ ಮಂಟಪಕ್ಕೂ ಕಮಾನಿಗೂ ರಥದ ಕಳಸಕ್ಕೂ ಚೀಟಿ ಬರೆದುಕೊಡುತ್ತಾರೆ. ನಾವು ಸ್ವಾಮಿಗಳೂ ಕೈಚಾಚಿ ತೆಗೆದುಕೊಳ್ಳುತ್ತೇವೆ. ಇದರಲ್ಲಿ ನಮ್ಮ ತಪ್ಪೆಷ್ಟೆಂಬುದನ್ನು ಮುಂದೆ ಹೇಳುತ್ತೇವೆ.

ಮೊದಲು ಕಾಲುವೆಯ ಸಂಗತಿ. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲಿಟ್ಟರು. 1953ರಲ್ಲಿ ಕಾಲುವೆಗೆ ನೀರು ಬಂತು. ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರು. ಗಂಗಾವತಿ, ಕಾರಟಗಿಗಳ ಸೀಮೆಯನ್ನು ದಾಟಿ ಸಿಂಧನೂರು, ಮಾನ್ವಿಗಳ ಮೇಲೆ ಹಾಯ್ದು ಅದು ರಾಯಚೂರಿನ ಕಡೆಗೆ ಸಾಗುತ್ತದೆ. ಯೋಜನೆ ಹಾಕಿದವರು ಬಹುಭಾಗ ಭೂಮಿಯನ್ನು ಅರೆನೀರಾವರಿಗೆಂದು ಗೊತ್ತುಮಾಡಿದ್ದರು. ಜೋಳ, ಹತ್ತಿ, ಶೇಂಗಾ ಬೆಳೆಯಬೇಕು, ಭತ್ತಕ್ಕೆ ಅಲ್ಪ ಪಾಲು ಎಂಬ ಲೆಕ್ಕ ಅದು. ನಾವು ಮಾಡಿದ್ದೇನು? ಮೇಲ್ಭಾಗದಲ್ಲಿ ಕುಳಿತವರೆಲ್ಲ ಗದ್ದೆ ಮಾಡಿದೆವು, ಎರಡು ಬೆಳೆ ತೆಗೆದೆವು. ಆ ಭತ್ತದ ಮೇಲೆಯೇ ಕಾರಟಗಿಯ ಗಿರಣಿಗಳು ಎದ್ದವು, ಪೇಟೆ ಬೆಳೆಯಿತು, ಊರು ತಾಲ್ಲೂಕು ಕೇಂದ್ರವಾಯಿತು. ಜಲಾಶಯದಲ್ಲಿಯೋ ಹೂಳು ತುಂಬುತ್ತ ಬಂದು, ಮೊದಲು 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105ರ ಆಸುಪಾಸಿಗೆ ಇಳಿದಿದೆ. ಕಡಿಮೆಯಾದ ನೀರಿನ ಬಾಧೆ ಎಲ್ಲರಿಗೂ ಸಮನಾಗಿ ತಟ್ಟಲಿಲ್ಲ. ಮಾನ್ವಿ, ಸಿರವಾರದ ಕಡೆಯ ರೈತ ಪ್ರತಿವರ್ಷ ರಸ್ತೆಗಿಳಿದು ಕೂಗುತ್ತಾನೆ. ಮೇಲಿನವನು ಅದನ್ನು ಪತ್ರಿಕೆಯಲ್ಲಿ ಓದುತ್ತಾನೆ. 1997ರಲ್ಲಿ ಕೊಪ್ಪಳ ಜಿಲ್ಲೆ ಬೇರೆಯಾಗುವವರೆಗೆ ಇವರಿಬ್ಬರೂ ಒಂದೇ ರಾಯಚೂರು ಜಿಲ್ಲೆಯವರಾಗಿದ್ದರೆಂಬುದು ಈಗಿನ ಹುಡುಗರಿಗೆ ನೆನಪಿರಲಿಕ್ಕಿಲ್ಲ. ಇಂದಿಗೂ ಬೀಗತನವುಂಟು, ಜಾತ್ರೆಗೆ ಹೋಗಿಬರುವುದುಂಟು; ನೀರಿನ ಮಾತು ಬಂದಾಗ ಮಾತ್ರ ಪರಸ್ಪರ ಮುಖ ನೋಡುವುದಿಲ್ಲ.

ಇದಕ್ಕೆ ಕಾನೂನು ಒಂದು ದಾರಿಯನ್ನೇನೋ ತೋರಿಸಿದೆ. 2000ದಲ್ಲಿ ಕರ್ನಾಟಕ ನೀರಾವರಿ ಕಾಯಿದೆಗೆ ಆದ ತಿದ್ದುಪಡಿಯ ಪ್ರಕಾರ ತಳದಲ್ಲಿ ನೀರು ಬಳಕೆದಾರರ ಸಹಕಾರ ಸಂಘಗಳು, ಅವುಗಳ ಮೇಲೆ ವಿತರಣಾ ಕಾಲುವೆಯ ಮಟ್ಟದ ಒಕ್ಕೂಟ, ಅದರ ಮೇಲೆ ಇಡೀ ಯೋಜನೆಗೊಂದು ಒಕ್ಕೂಟ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ವ್ಯವಸ್ಥೆ. ಕಾಗದದ ಮೇಲೆ ಇದಕ್ಕಿಂತ ಚೆಲುವಾದ ಏರ್ಪಾಡು ಇನ್ನೊಂದಿಲ್ಲ. ನಮ್ಮ ಕಣ್ಣೆದುರಿಗೆ ಹುಟ್ಟಿದ ಒಕ್ಕೂಟವೊಂದರ ಕಥೆಯನ್ನು ಕೇಳಿರಿ. ಹದಿನಾಲ್ಕು ಸಂಘಗಳು ಶ್ರೀಮಠದ ಅಂಗಳದಲ್ಲಿ ಸಭೆ ಸೇರಿದವು. ಹಾರ, ಶಾಲು, ಛಾಯಾಚಿತ್ರ ಎಲ್ಲವೂ ಆದವು. ಅಂದವಾದ ಅಚ್ಚಿನ ಪತ್ರಶಿರ ಬಂತು. ಒಂದು ಯೋಜನೆಯ ಹಣ ಎರಡು ವರ್ಷಕ್ಕೆ ದೊರಕಿತು. ಆ ಎರಡು ವರ್ಷ ತರಬೇತಿ ಶಿಬಿರಗಳು ನಡೆದವು, ಊಟ ಚೆನ್ನಾಗಿತ್ತು. ಹಣ ನಿಂತ ತಿಂಗಳೇ ಗುಮಾಸ್ತ ಹೋದ. ಗುಮಾಸ್ತ ಹೋದಮೇಲೆ ಸಭೆಯ ತಿಳಿವಳಿಕೆ ಪತ್ರ ಹೋಗಲಿಲ್ಲ; ಪತ್ರ ಹೋಗದಿದ್ದಾಗ ಕೆಳಗಿನ ಊರಿನವರು ಬರಲಿಲ್ಲ; ಅವರಿಲ್ಲದ ಸಭೆಯಲ್ಲಿ ಮೇಲಿನವರು ತಮಗೆ ಬೇಕಾದ ಸರದಿಯನ್ನು ಬರೆದುಕೊಂಡರು. ಯಾರೂ ಒಕ್ಕೂಟವನ್ನು ಒಡೆಯಲಿಲ್ಲ. ಅದು ಒಂದು ದಾವತಿಯ ಬೆಲೆಗೆ ಬಾಳದಷ್ಟು ಹಣದ ಕೊರತೆಯಿಂದ ಸತ್ತಿತು.

ಸಂಘಗಳು ಕೂಡಿ ಕೆಲಸ ಮಾಡುವುದೆಂದರೆ ಏನು? ವೇದಿಕೆಯ ಮೇಲೆ ಕೈ ಕೈ ಹಿಡಿದು ನಿಲ್ಲುವುದು ಸುಲಭ. ಹತ್ತು ಊರಿಗೆ ಚೀಟಿ ಹಂಚುವವನು ಯಾರು? ತೂಬಿನ ಹತ್ತಿರ ಬೆಳಗ್ಗೆ ಸಂಜೆ ನೀರಿನ ಮಟ್ಟ ಅಳೆದು ಪುಸ್ತಕದಲ್ಲಿ ಬರೆಯುವವನು ಯಾರು? ಮುನಿರಾಬಾದಿನ ಕಛೇರಿಗೆ ನಾಲ್ಕು ಸಲ ಅಲೆದು ಒಂದು ನಕಲು ತರುವವನಿಗೆ ಬಸ್ಸಿನ ಖರ್ಚು ಕೊಡುವವರು ಯಾರು? ಮೇಲಿನವನೂ ಕೆಳಗಿನವನೂ ಜಗಳಾಡಿದ ಮರುದಿನ ಇಬ್ಬರ ಮನೆಗೂ ಹೋಗಿ ಬರುವವರು ಯಾರು? ಇದೇ ಕೊಂಡಿಯ ಕೆಲಸ. ಇದು ಕಣ್ಣಿಗೆ ಕಾಣುವುದಿಲ್ಲ. ಇದರ ಉದ್ಘಾಟನೆಗೆ ಮಂತ್ರಿಗಳು ಬರುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ನಮ್ಮ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದದ್ದು ಅದರ ಸರಪಳಿ ಕಡಿದದ್ದರಿಂದ. ಆ ವಾರವೆಲ್ಲ ಮೇಲ್ಭಾಗದವರೂ ಕೊನೆಭಾಗದವರೂ ಒಂದೇ ಭಯದಲ್ಲಿ ನಿದ್ದೆಗೆಟ್ಟೆವು. ತಡೆಪಟ್ಟಿಗಳನ್ನು ಇಳಿಸಿ ನೀರು ನಿಲ್ಲಿಸಿದ ಮೇಲೆ ಮತ್ತೆ ನಮ್ಮ ನಮ್ಮ ತೂಬಿಗೆ ಮರಳಿದೆವು.

“ಇದಕ್ಕೆಲ್ಲ ಹೊರಗಿನಿಂದ ಹಣ ತರಬಹುದಲ್ಲ?” ಎಂದು ನಮ್ಮ ಓದಿದ ಶಿಷ್ಯರು ಹೇಳುವುದುಂಟು. ತರಬಹುದು, ಆದರೆ ಹೊರಗಿನ ಹಣಕ್ಕೆ ಹೊರಗಿನವರದೇ ಕಟ್ಟುಪಾಡು. ವಿದೇಶೀ ವಂತಿಗೆ ನಿಯಂತ್ರಣ ಕಾಯಿದೆಗೆ 2020ರಲ್ಲಿ ಆದ ತಿದ್ದುಪಡಿ, ಅಂಥ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸಕೂಡದೆಂದು ನಿಷೇಧಿಸಿತು. ಆಡಳಿತ ವೆಚ್ಚದ ಮಿತಿಯನ್ನು ಶೇಕಡಾ 50ರಿಂದ 20ಕ್ಕೆ ಇಳಿಸಿತು. ದೊಡ್ಡ ಸಂಸ್ಥೆಯೊಂದು ಹಣ ಪಡೆದು ಹಳ್ಳಿಯ ಸಣ್ಣ ಸಂಘಗಳಿಗೆ ಹಂಚಿ ಜಾಲ ಕಟ್ಟುವ ದಾರಿ ಅಂದಿಗೆ ಮುಚ್ಚಿತು. ಆ ಕಾಯಿದೆಯ ಗುಣದೋಷಗಳನ್ನು ಇಲ್ಲಿ ವಿಮರ್ಶಿಸುವುದಿಲ್ಲ. ಒಂದು ಶಾಸನದ ಒಂದು ಸಾಲಿನಿಂದ ಬಿದ್ದುಹೋಗುವ ಜಾಲ ಯಾರ ಜಾಲವಾಗಿತ್ತು ಎಂಬುದಷ್ಟೇ ನಮ್ಮ ಪ್ರಶ್ನೆ. ಇನ್ನು 2013ರ ಕಂಪನಿ ಕಾಯಿದೆಯಂತೆ ದೊಡ್ಡ ಕಂಪನಿಗಳು ಲಾಭದ ಶೇಕಡಾ ಎರಡರಷ್ಟನ್ನು ಸಮಾಜಕ್ಕೆ ವಿನಿಯೋಗಿಸಬೇಕು. ಆ ಹಣ ನಮ್ಮ ಕಡೆಗೆ ಬಂದಾಗಲೂ ಶಾಲೆಯ ಕೋಣೆಯಾಗಿ, ನೀರಿನ ಯಂತ್ರವಾಗಿ, ಫಲಕ ಹೊತ್ತೇ ಬರುತ್ತದೆ. ಕಂಪನಿಗಳೂ ನಮ್ಮ ಗಿರಣಿ ಮಾಲೀಕರಂತೆಯೇ ಕಲ್ಲಿನ ಭಕ್ತರು.

ನಮ್ಮ ಹಿರಿಯರು ಹೀಗಿರಲಿಲ್ಲ. ಕಾರಟಗಿಯಿಂದ ಪಡುವಣಕ್ಕೆ, ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಸಹಕಾರಿ ಕಾನೂನು ಬಂದು ಆಗ ಒಂದು ವರ್ಷವಾಗಿತ್ತಷ್ಟೆ. ಸಾಹುಕಾರನ ಬಡ್ಡಿಯಿಂದ ಬಿಡಿಸಿಕೊಳ್ಳಲು ಒಕ್ಕಲಿಗರು ತಮ್ಮ ತಮ್ಮ ಷೇರಿನ ಹಣವನ್ನು ಒಂದೆಡೆ ಇಟ್ಟರು. ಪಾಲು ಹಾಕಿದವನು ಲೆಕ್ಕ ಕೇಳಿದನು. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮೊದಲು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಬರೆದಿಟ್ಟರು. ಅರಮನೆಯ ಮೇಲೆ ಇನ್ನೊಂದು ಉಪ್ಪರಿಗೆ ಕಟ್ಟಿಸಬಹುದಾಗಿದ್ದ ಹಣ ಪರಸ್ಥಳದಲ್ಲಿ ಓದುವ ಬಡ ಹುಡುಗರಿಗೆ ವಿದ್ಯಾರ್ಥಿವೇತನವಾಯಿತು. 1916ರಲ್ಲಿ ಬೆಳಗಾವಿಯಲ್ಲಿ ಬಸವನಾಳ, ಸಾಖರೆ ಮೊದಲಾದ ಏಳು ಜನ ಶಿಕ್ಷಕರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದಾಗ ಮೊದಲ ಬಂಡವಾಳವಾಗಿ ಸಂದದ್ದು ಆ ಏಳು ಜನರ ಆಯುಷ್ಯ. ಕಟ್ಟಡಗಳು ಆಮೇಲೆ ಬಂದವು.

ಹಳೆಯ ವಿದ್ಯಾರ್ಥಿಗಳೇ, ಅಷ್ಟು ದೂರ ಹೋಗುವುದೇಕೆ? ತಾವು ಪ್ರಸಾದ ನಿಲಯದಲ್ಲಿ ಉಂಡ ಅನ್ನ ಎಲ್ಲಿಯದು? ನಮ್ಮ ಹಿರಿಯ ಗುರುಗಳು ಜೋಳಿಗೆ ಹಿಡಿದು ಊರೂರು ತಿರುಗಿದರು. ತಾಯಂದಿರು ದಿನವೂ ಒಲೆ ಹೊತ್ತಿಸುವಾಗ ಒಂದು ಹಿಡಿ ಜೋಳವನ್ನು ಗಡಿಗೆಯಲ್ಲಿ ತೆಗೆದಿಟ್ಟರು. ವಾರಕ್ಕೊಮ್ಮೆ ಚಕ್ಕಡಿ ಬಂದು ಒಯ್ದಿತು. ಆ ಗಡಿಗೆಯ ಮೇಲೆ ಯಾರ ಹೆಸರೂ ಇರಲಿಲ್ಲ. ಆ ಚಕ್ಕಡಿ ಹೊಡೆಯುವವನಿಗೂ ಮಠ ಕೂಲಿ ಕೊಡುತ್ತಿತ್ತು. ಅವನಿಲ್ಲದಿದ್ದರೆ ನೂರು ಮನೆಯ ಹಿಡಿ ನೂರು ಮನೆಯಲ್ಲಿಯೇ ಉಳಿಯುತ್ತಿತ್ತು. ಇಂದು ತಮ್ಮಲ್ಲಿ ಕೆಲವರು ಬೆಂಗಳೂರಿನಲ್ಲಿ, ಕೆಲವರು ಅಮೆರಿಕದಲ್ಲಿ ಇದ್ದೀರಿ. ಶತಮಾನೋತ್ಸವ ಸ್ಮಾರಕ ಭವನಕ್ಕೆ ಎಷ್ಟು ಕಳುಹಿಸಲಿ ಎಂದು ಕೇಳುತ್ತೀರಿ. ಚಕ್ಕಡಿ ಹೊಡೆಯುವವನ ಕೂಲಿಯನ್ನು ಕೇಳಿದವರು ಇನ್ನೂ ಇಲ್ಲ.

ಇದು ನೀರಿಗಷ್ಟೇ ಸಂಬಂಧಿಸಿದ ಮಾತೆಂದು ತಿಳಿಯಬೇಡಿರಿ. ಇದೇ ತುಂಗಭದ್ರೆಯ ಮೇಲ್ದಂಡೆಯಲ್ಲಿ ನಡೆದ ಇನ್ನೊಂದು ಹೋರಾಟವುಂಟು. ರಾಜ್ಯ ಸರಕಾರವೂ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯೂ ಕೂಡಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿ, ಹಳ್ಳಿಗರು ದನ ಮೇಯಿಸುವ ಸಾವಿರಾರು ಎಕರೆ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಹೊರಟವು. ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು ಹಳ್ಳಿಯ ರೈತರನ್ನೂ ಪಟ್ಟಣದ ಪಂಡಿತರನ್ನೂ ಕೂಡಿಸಿದರು. ಶಿವರಾಮ ಕಾರಂತರು ಅರ್ಜಿದಾರರಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿಯ ಸಸಿ ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದರು. ‘ಕಿತ್ತಿಕೋ-ಹಚ್ಚಿಕೋ’ ಎಂಬ ಹೆಸರು ನಾಡಿಗೆಲ್ಲ ತಿಳಿಯಿತು. 1991ರಲ್ಲಿ ಆ ಕಂಪನಿ ಮುಚ್ಚಿತು. ಕುಸನೂರಿನ ಆ ಒಂದು ದಿನ ಎಲ್ಲರ ನೆನಪಿನಲ್ಲಿದೆ. ಅದಕ್ಕೆ ಮುಂಚಿನ ಮೂರು ವರ್ಷ, ಅನಂತರದ ನಾಲ್ಕು ವರ್ಷ ಸಹಿ ಕೂಡಿಸಿದವರು, ಕಾಗದಪತ್ರ ಜೋಡಿಸಿದವರು, ಹಳ್ಳಿ ಹಳ್ಳಿಗೆ ಸುದ್ದಿ ಮುಟ್ಟಿಸಿದವರು ಯಾರೆಂದು ಯಾರೂ ಕೇಳುವುದಿಲ್ಲ.

ನಮ್ಮ ಜಿಲ್ಲೆಯಲ್ಲಿಯೇ 2019ರ ಬೇಸಿಗೆಯಲ್ಲಿ ಕೊಪ್ಪಳದ ಗವಿಮಠದ ಶ್ರೀಗಳವರು ಮುಂದಾಗಿ ಹಿರೇಹಳ್ಳವನ್ನು ಇಪ್ಪತ್ತು ಕಿಲೋಮೀಟರಿಗೂ ಮಿಕ್ಕು ಸ್ವಚ್ಛಗೊಳಿಸಿದರು. ಯಂತ್ರವುಳ್ಳವರು ಯಂತ್ರ ಕೊಟ್ಟರು, ದುಡಿಯುವವರು ಮೈ ಕೊಟ್ಟರು. ಕಾರ್ಖಾನೆಯ ವಿಸ್ತರಣೆಯನ್ನು ವಿರೋಧಿಸಿ 2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಆದಾಗ, ಒಂದೆಡೆ ಎಂದೂ ಕೂಡದ ಸಂಘಟನೆಗಳು ಬೀದಿಯಲ್ಲಿ ಕೂಡಿದವು. ನಮ್ಮ ಜನಕ್ಕೆ ಕೂಡಲು ಬರುವುದಿಲ್ಲವೆಂಬ ಮಾತನ್ನು ನಾವು ಒಪ್ಪುವುದಿಲ್ಲ. ಕೂಡಿದ ಮರುದಿನದಿಂದ ಮುಂದಿನ ಮುನ್ನೂರ ಅರವತ್ತನಾಲ್ಕು ದಿನಗಳಿಗೆ ದುಡ್ಡು ಇಡಲು ಮಾತ್ರ ನಮಗೆ ಬರುವುದಿಲ್ಲ.

ಇನ್ನು ಮಠಗಳ ತಪ್ಪು. ಯಾವ ಒಕ್ಕೂಟ ಹುಟ್ಟಿದರೂ ಗೌರವಾಧ್ಯಕ್ಷತೆ ನಮಗೇ ಬೇಕು. ನಾವು ನಡುವೆ ಕುಳಿತೊಡನೆ ಕೆಳಗಿನ ಊರಿನ ರೈತ ತನ್ನ ಸಿಟ್ಟನ್ನು ನುಂಗಿ ಕಾಲಿಗೆ ಬೀಳುತ್ತಾನೆ. ಅದನ್ನು ನಾವು ಸೌಹಾರ್ದವೆಂದು ಕರೆದು ಆಶೀರ್ವಚನ ಮಾಡುತ್ತೇವೆ. ಸಿಟ್ಟು ಹೊರಗೆ ಬರದ ಸಭೆಯಲ್ಲಿ ನೀರು ಹಂಚಿಕೆಯಾಗಲಾರದು. ಮತ್ತೊಂದನ್ನು ಮುಚ್ಚಿಡಲಾರೆವು: ಕಾಲುವೆಯ ಮೇಲ್ಭಾಗದಲ್ಲಿ ಶ್ರೀಮಠದ ಹೆಸರಿನಲ್ಲಿ ಇಪ್ಪತ್ತೆರಡು ಎಕರೆ ಇದೆ. ಅರೆನೀರಾವರಿಯ ಭೂಮಿ. ಅದರಲ್ಲಿ ಬೆಳೆಯುತ್ತಿರುವುದು ಭತ್ತ. ದಾಸೋಹಕ್ಕೆಂದು ನಾವು ಸಮಾಧಾನ ಹೇಳಿಕೊಳ್ಳುತ್ತ ಬಂದಿದ್ದೇವೆ.

ಆದುದರಿಂದ ಈಗ ಕೇಳುವುದು ಇಷ್ಟು. ಒಂದು ವಿತರಣಾ ಕಾಲುವೆಯ ಕೆಳಗೆ ಐದು ಸಾವಿರ ಎಕರೆ ಇದೆಯೆನ್ನಿರಿ. ಎಕರೆಗೆ ವರ್ಷಕ್ಕೆ 50 ರೂಪಾಯಿ ವಂತಿಗೆಯಾದರೆ ಎರಡೂವರೆ ಲಕ್ಷ. ಗುಮಾಸ್ತನಿಗೆ ತಿಂಗಳಿಗೆ 15,000ದಂತೆ ಒಂದು ಲಕ್ಷ ಎಂಬತ್ತು ಸಾವಿರ. ಉಳಿದ ಎಪ್ಪತ್ತು ಸಾವಿರದಲ್ಲಿ ಅಳತೆಪಟ್ಟಿ, ಕಾಗದ, ಬಸ್ಸಿನ ಖರ್ಚು, ಸಭೆಯ ದಿನ ಎಲ್ಲರಿಗೂ ರೊಟ್ಟಿ ಪಲ್ಯ. 2024-25ರ ಸಾಲಿಗೆ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,300 ರೂಪಾಯಿ ಇತ್ತು; ಆ ಲೆಕ್ಕದಲ್ಲಿ ಈ ವಂತಿಗೆ ಎಕರೆಗೆ ಎರಡು ಕಿಲೋ ಚಿಲ್ಲರೆ ಭತ್ತ. ಚೀಲ ತುಂಬುವಾಗ ಕಣದಲ್ಲಿ ಅದಕ್ಕಿಂತ ಹೆಚ್ಚು ಚೆಲ್ಲುತ್ತದೆ. ಗಿರಣಿಯವರು ಮತ್ತು ಪರಸ್ಥಳದ ಶಿಷ್ಯರು ಇದಕ್ಕೆ ಸೇರಿಸಿದರೆ ಸಂತೋಷ. ಆದರೆ ಸಂಬಳದ ಹಣ ಎಕರೆಯ ವಂತಿಗೆಯಿಂದಲೇ ಬರಬೇಕು, ದಾನಿಗಳು ಬೇಸತ್ತ ದಿನವೂ ಗುಮಾಸ್ತ ಉಳಿಯಬೇಕು. ಖಜಾಂಚಿ ಕೊನೆಭಾಗದ ಊರಿನವನೇ ಆಗಿರತಕ್ಕದ್ದು. ಜಮಾ-ಖರ್ಚನ್ನೂ ತೂಬುಗಳ ಅಳತೆಯನ್ನೂ ಪ್ರತಿ ತಿಂಗಳು ಸಂತೆಯ ದಿನ ಎಲ್ಲರೆದುರಿಗೆ ಓದತಕ್ಕದ್ದು. ಶ್ರೀಮಠವು ಸಭೆಗೆ ಜಾಗವನ್ನಷ್ಟೇ ಕೊಡುತ್ತದೆ, ನಾವು ಅಧ್ಯಕ್ಷರಾಗುವುದಿಲ್ಲ.

“ನೀರಿನ ಕರ ಕೊಡುತ್ತೇವಲ್ಲ, ಸರಕಾರವೇ ಮಾಡಲಿ” ಎನ್ನುವವರು ಇದ್ದೀರಿ. ಕಾಲುವೆಯ ಗೋಡೆ ಸರಕಾರದ್ದು. ಅದನ್ನು ಅದು ನೋಡಿಕೊಳ್ಳಲಿ, ನೋಡಿಕೊಳ್ಳದಿದ್ದರೆ ಕೇಳೋಣ. ಹಾಗೆ ಕೇಳುವುದಕ್ಕೂ ಕೈಯಲ್ಲಿ ಅಳತೆಯ ಪುಸ್ತಕವಿರಬೇಕು. “ಮೇಲಿನವರು ನಾವೇಕೆ ಕೊಡಬೇಕು, ನಮಗೆ ನೀರು ಬರುತ್ತಿದೆಯಲ್ಲ” ಎಂದು ಬಾಯಿಬಿಟ್ಟು ಹೇಳುವವರು ಕಡಿಮೆ; ಮನಸ್ಸಿನಲ್ಲಿ ಅಂದುಕೊಳ್ಳುವವರು ಈ ಪತ್ರಿಕೆಯ ಚಂದಾದಾರರಲ್ಲಿಯೇ ಬಹಳ. ಅವರು ಒಮ್ಮೆ ನಮ್ಮೊಡನೆ ಕೆಳಗಿನ ಊರಿಗೆ ಬರಲಿ. ನಾಟಿ ಮಾಡಿ ಒಣಗಿದ ಮಡಿಯ ಬದುವಿನ ಮೇಲೆ ನಿಂತು, ತಮ್ಮ ಬೀಗರ ಎದುರಿಗೆ ಆ ಮಾತನ್ನು ಹೇಳಲಿ.

ಶ್ರೀಮಠದ ಇಪ್ಪತ್ತೆರಡು ಎಕರೆಯ ಬಾಬತ್ತು 1,100 ರೂಪಾಯಿಗಳನ್ನು ಕಳೆದ ಸೋಮವಾರ ಜಮಾ ಮಾಡಿಸಿದ್ದೇವೆ. ಪಾವತಿಯ ನಂಬರು ಒಂದು. ಬರುವ ಹಂಗಾಮಿನಿಂದ ಅದರಲ್ಲಿ ಹನ್ನೆರಡು ಎಕರೆಗೆ ಜೋಳ ಬಿತ್ತಲು ಹೇಳಿದ್ದೇವೆ. ಮಹಾದ್ವಾರದ ಭಕ್ತರು ಮತ್ತೆ ಬಂದಿದ್ದರು. ನಕ್ಷೆಯನ್ನು ಈ ಸಲ ತಂದಿರಲಿಲ್ಲ. ಗುಮಾಸ್ತನಾಗುವ ಹುಡುಗ ಯಾವ ಊರಿನವನೆಂದು ಕೇಳಿದರು.