ನಕ್ಷೆಯ ಮೇಲೆ ನರ್ಸ್ ಸಹಿ ಬೀಳಲಿ

ಗದಗ ಜಿಲ್ಲೆಯ ಜಕ್ಕಲಿ, ನರೇಗಲ್, ಅಬ್ಬಿಗೇರಿ ಸೀಮೆಯದು ಎರಿ ನೆಲ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರಿಯುತ್ತದೆ. ಇಲ್ಲಿ ಮನೆ ಕಟ್ಟಿಸುವ ರೈತ ಮೊದಲು ಬುನಾದಿಯ ಆಳ ಕೇಳುತ್ತಾನೆ. ಬಣ್ಣ, ಬಾಗಿಲು ಆಮೇಲಿನ ಮಾತು. ಸರ್ಕಾರಿ ಆಸ್ಪತ್ರೆ ಕಟ್ಟಿಸುವವರಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಮನೆಯಲ್ಲಿ ಫರಸಿ ಎದ್ದರೆ ಕಾಲು ಎಡವೀತು. ಹೆರಿಗೆ ಕೋಣೆಯಲ್ಲಿ ಟೈಲ್ಸ್ ಸೀಳಿದರೆ ಆ ಸಂದಿಗೆ ರಕ್ತ, ಕೊಳೆನೀರು ಇಳಿಯುತ್ತದೆ; ಎಷ್ಟು ತಿಕ್ಕಿದರೂ ಅಲ್ಲಿಗೆ ಫಿನಾಯಿಲ್ ಮುಟ್ಟದು. ಸ್ಟ್ರೆಚರಿನ ಗಾಲಿಯೂ ಅಲ್ಲೇ ಸಿಕ್ಕಿ ನಿಲ್ಲುತ್ತದೆ.

ರೋಗಿಯ ಸುರಕ್ಷತೆ ಎಂದಾಗ ವೈದ್ಯರ ಕೈಗುಣ, ಔಷಧಿಯ ಗುಣಮಟ್ಟ, ಸಿಬ್ಬಂದಿಯ ಸಂಖ್ಯೆ ನಮಗೆ ನೆನಪಾಗುತ್ತವೆ. ಅವೆಲ್ಲ ಬೇಕೇ ಬೇಕು. ಆದರೆ ಆಸ್ಪತ್ರೆಯೊಳಗಿನ ಎಷ್ಟೋ ಅನಾಹುತಗಳ ಬೀಜ ವೈದ್ಯರು ಅಲ್ಲಿಗೆ ಕಾಲಿಡುವ ಮೊದಲೇ ನಕ್ಷೆಯ ಹಾಳೆಯ ಮೇಲೆ ಬಿದ್ದಿರುತ್ತದೆ. ಕೈ ತೊಳೆಯುವ ನಳ ಎಲ್ಲಿ, ಶೌಚಾಲಯ ಎಷ್ಟು ದೂರ, ಜನರೇಟರ್ ಎಷ್ಟು ಎತ್ತರದಲ್ಲಿ, ಕಿಟಕಿ ತೆರೆಯುತ್ತದೋ ಇಲ್ಲವೋ ಎಂಬುದನ್ನೆಲ್ಲ ನಿರ್ಧರಿಸುವವರು ರಾತ್ರಿ ಪಾಳಿ ಮಾಡಿದವರಲ್ಲ. ನಮ್ಮ ತಕರಾರು ಇರುವುದು ಇಲ್ಲೇ.

ಹೆರಿಗೆ ವಾರ್ಡನ್ನೇ ನೋಡಿ. ಹೆರಿಗೆಯಾದ ಮರುರಾತ್ರಿ, ರಕ್ತ ಹೋಗಿ ಬಿಳುಚಿದ ಬಾಣಂತಿ ಶೌಚಕ್ಕೆಂದು ಏಳುತ್ತಾಳೆ. ಶೌಚಾಲಯ ಪಡಸಾಲೆಯ ಆ ತುದಿಗೆ. ನಡುವೆ ಹಿಡಿದುಕೊಳ್ಳಲು ಒಂದು ಕಂಬಿ ಇಲ್ಲ. ನೀರು ಹೊರಬರಬಾರದೆಂದು ಬಾಗಿಲಲ್ಲಿ ನಾಲ್ಕು ಬೆರಳೆತ್ತರದ ಕಟ್ಟೆ, ಅದರಾಚೆ ನುಣುಪಾದ ಒದ್ದೆ ಟೈಲ್ಸ್, ಮೇಲೆ ಉರಿಯದ ಬಲ್ಬ್. ತಲೆ ಸುತ್ತಿ ಬಿದ್ದರೆ, ಹುಷಾರಾಗಿ ನಡೀಬಾರದಿತ್ತೇನವ್ವಾ ಎಂದು ಆಕೆಯನ್ನೇ ಗದರುತ್ತೇವೆ. ವಾರ್ಡಿಗೆ ಅಂಟಿದ ಶೌಚಾಲಯ, ಹೊಸ್ತಿಲಿಲ್ಲದ ಬಾಗಿಲು, ಜಾರದ ಫರಸಿ, ಗೋಡೆಗೆ ಹಿಡಿಕೆ, ರಾತ್ರಿಯಿಡೀ ಉರಿಯುವ ಚಿಕ್ಕ ದೀಪ ಇದ್ದರೆ ಈ ಬೀಳುವಿಕೆ ತಪ್ಪುತ್ತದೆ. ಕದ ಹೊರಕ್ಕೆ ತೆರೆಯುವಂತಿದ್ದರೆ, ಬಿದ್ದವಳು ಅದಕ್ಕೆ ಅಡ್ಡವಾಗಿದ್ದರೂ ಎತ್ತಿ ತರಬಹುದು. ಕಟ್ಟುವಾಗಲೇ ಯೋಚಿಸಿದರೆ ಇದಕ್ಕೆಲ್ಲ ದೊಡ್ಡ ದುಡ್ಡು ಬೇಡ. ಕಟ್ಟಿದ ಮೇಲೆ ಒಡೆದು ಸರಿಪಡಿಸುವುದೇ ದುಬಾರಿ.

ಹುಟ್ಟಿದ ಕೂಡಲೇ ಅಳದ ಕೂಸಿಗೆ ಮೊದಲ ಒಂದು ನಿಮಿಷವೇ ಆಯುಷ್ಯ. ಆ ನಿಮಿಷದಲ್ಲಿ ನರ್ಸ್ ಕೂಸನ್ನೆತ್ತಿಕೊಂಡು ಇನ್ನೊಂದು ಕೋಣೆಗೆ ಓಡುವಂತಿರಬಾರದು. ಬಿಸಿ ಕೊಡುವ ಯಂತ್ರ, ಉಸಿರು ತುಂಬುವ ಚೀಲ ಹೆರಿಗೆ ಕೋಣೆಯೊಳಗೇ ಇರಬೇಕು. ಮೊಣಕೈಯಿಂದ ತಿರುಗಿಸುವ ನಳ ಹೆರಿಗೆ ಟೇಬಲ್ಲಿನ ಹತ್ತಿರವೇ ಬೇಕು. ನಳ ದೂರವಿದ್ದರೆ, ಅವಸರದಲ್ಲಿ ಕೈ ತೊಳೆಯುವುದು ತಪ್ಪುತ್ತದೆ. ಕೇಂದ್ರ ಸರ್ಕಾರದ 2017ರ ‘ಲಕ್ಷ್ಯ’ ಕಾರ್ಯಕ್ರಮ ಹೆರಿಗೆ ಕೋಣೆ ಹೇಗಿರಬೇಕೆಂದು ವಿವರವಾಗಿ ಹೇಳಿದೆ. ಸಾರ್ವಜನಿಕ ಆಸ್ಪತ್ರೆಗಳ ರಾಷ್ಟ್ರೀಯ ಮಾನದಂಡಗಳು 2007ರಲ್ಲೇ ಬಂದು, 2012 ಮತ್ತು 2022ರಲ್ಲಿ ಪರಿಷ್ಕೃತವಾಗಿವೆ. ಪುಸ್ತಕದಲ್ಲಿ ಕೊರತೆ ಇಲ್ಲ. ಅದನ್ನು ನಕ್ಷೆಗೆ ಇಳಿಸುವವರು ಬೇಕು.

ಗಾಳಿಯ ಮಾತು ಇನ್ನೊಂದು. ಪೆರು ದೇಶದ ಲಿಮಾ ನಗರದ ಎಂಟು ಆಸ್ಪತ್ರೆಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎತ್ತರದ ಮಾಳಿಗೆ, ದೊಡ್ಡ ಕಿಟಕಿಗಳ ಹಳೆಯ ಕಟ್ಟಡಗಳಲ್ಲಿ ಗಂಟೆಗೆ 40 ಸಲ ಗಾಳಿ ಬದಲಾದರೆ, ಹೊಸ ಕಾಲದ ಕಟ್ಟಡಗಳಲ್ಲಿ ಅದು 17ಕ್ಕೆ ಇಳಿದಿತ್ತು. ಗಾಳಿಯಲ್ಲೇ ಹರಡುವ ಕ್ಷಯಕ್ಕೆ ಈ ಅಂತರ ಬಹಳ ದೊಡ್ಡದು. ಬೆಳಕಿಂಡಿ ಇಟ್ಟು ಮಣ್ಣಿನ ಮನೆ ಕಟ್ಟಿದ ನಮ್ಮ ಹಿರಿಯರಿಗೆ ಗಾಳಿಯ ಬೆಲೆ ಗೊತ್ತಿತ್ತು. ಮುಖಕ್ಕೆ ಗಾಜು ಬಡಿದ ಕಟ್ಟಡ ನಮ್ಮ ಸುಡುಬಿಸಿಲಿಗೂ ಸಲ್ಲ, ಸುರಕ್ಷತೆಗೂ ಸಲ್ಲ. 2011ರ ಡಿಸೆಂಬರ್‌ನಲ್ಲಿ ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹೊತ್ತಿದ ಬೆಂಕಿಯ ಹೊಗೆ, ತೆರೆಯಲಾಗದ ಗಾಜುಗಳ ನಡುವೆ ಸಿಕ್ಕಿದ ಸುಮಾರು 90 ಜನರನ್ನು ಕೊಂದಿತು.

ನಮ್ಮ ರಾಜ್ಯದಲ್ಲೂ ಪಾಠಗಳಿವೆ. ಚಾಮರಾಜನಗರ ಜಿಲ್ಲಾ ಆಸ್ಪತ್ರೆಯಲ್ಲಿ 2021ರ ಮೇ 2ರ ರಾತ್ರಿ ಆಮ್ಲಜನಕ ಮುಗಿಯಿತು. ಆ ದುರಂತದಲ್ಲಿ 24 ಜನ ಜೀವ ಬಿಟ್ಟರು. ಬಳ್ಳಾರಿಯ ಸರ್ಕಾರಿ ಆಸ್ಪತ್ರೆ ವಿಮ್ಸ್‌ನಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ವಿದ್ಯುತ್ ಕೈಕೊಟ್ಟಾಗ ವೆಂಟಿಲೇಟರ್ ಮೇಲಿದ್ದ ರೋಗಿಗಳು ಸತ್ತರು. ಸಾವಿಗೆ ಅದೇ ಕಾರಣವೇ ಎಂದು ವಾದವಿವಾದ ನಡೆಯಿತು. ವಾದ ಏನೇ ಇರಲಿ, ಉಸಿರು ಯಂತ್ರದ ಮೇಲಿರುವಾಗ ಒಂದೇ ದಾರಿಯನ್ನು ನೆಚ್ಚಬಾರದು. ಎರಡನೆಯ ವಿದ್ಯುತ್ ಮಾರ್ಗ, ಆಮ್ಲಜನಕದ ಮೀಸಲು, ಅದು ತಗ್ಗಿದ ಕೂಡಲೇ ಕೂಗುವ ಗಂಟೆ ಮೊದಲ ನಕ್ಷೆಯಲ್ಲೇ ಜಾಗ ಪಡೆಯಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಸಾವಾದ ಮೇಲೆ ಸಮಿತಿ ಕೂರಿಸುವುದು ಸಾಕು.

ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳಲ್ಲಿ ಜಾಗದ ಆಯ್ಕೆಯೂ ಜೀವದ ಪ್ರಶ್ನೆಯೇ. 2009 ಮತ್ತು 2019ರಲ್ಲಿ ಮಲಪ್ರಭೆ ಹೊಳೆಆಲೂರು, ಕೊಣ್ಣೂರು ಭಾಗವನ್ನು ಮುಳುಗಿಸಿದ್ದನ್ನು ಮರೆಯುವಂತಿಲ್ಲ. ನರಗುಂದ ಪಟ್ಟಣದಲ್ಲಿ ಕಾಳು ತುಂಬಿಡುತ್ತಿದ್ದ ಹಳೆಯ ಹಗೇವುಗಳಿದ್ದ ಕಡೆ ನೆಲವೇ ಕುಸಿದು ಗುಂಡಿ ಬಿದ್ದಿದೆ. ಪುಕ್ಕಟೆ ಸಿಕ್ಕಿತೆಂದು ತಗ್ಗಿನ ಜಾಗದಲ್ಲಿ ಆಸ್ಪತ್ರೆ ಎಬ್ಬಿಸಿದರೆ, ಊರಿಗೆ ಆಸ್ಪತ್ರೆ ಅತಿ ಹೆಚ್ಚು ಬೇಕಾದ ದಿನವೇ ಅದರ ಬಾಗಿಲಲ್ಲಿ ನೀರು ನಿಂತಿರುತ್ತದೆ. ಮಲೆನಾಡಿಗೆ ಹೊಂದುವ ನಕ್ಷೆ ಎರಿ ನೆಲಕ್ಕೆ ಹೊಂದುವುದಿಲ್ಲ.

ಆದ್ದರಿಂದ ನಮ್ಮ ಒತ್ತಾಯ ಇದು. ಮಣ್ಣಿನ ಪರೀಕ್ಷೆ, ಹಳೆಯ ನೆರೆಯ ಮಟ್ಟ ನೋಡದೆ ಜಾಗ ಅಂತಿಮವಾಗಬಾರದು. ಗುದ್ದಲಿ ಪೂಜೆಗೆ ಮೊದಲು ವಾರ್ಡು, ಹೆರಿಗೆ ಕೋಣೆಗಳನ್ನು ಬಯಲಿನಲ್ಲಿ ಸುಣ್ಣದ ಗೆರೆ ಎಳೆದು ಗುರುತಿಸಿ, ಅಲ್ಲಿ ದುಡಿಯಲಿರುವ ನರ್ಸ್, ಆಯಾ, ಸ್ವಚ್ಛತಾ ಸಿಬ್ಬಂದಿಯನ್ನು ಓಡಾಡಿಸಿ ನೋಡಬೇಕು. ಅವರು ಒಪ್ಪಿ ಸಹಿ ಹಾಕದ ನಕ್ಷೆಗೆ ಟೆಂಡರ್ ಕರೆಯಬಾರದು. ಕಟ್ಟಡ ಒಪ್ಪಿಸಿಕೊಳ್ಳುವ ದಿನ, ರಾತ್ರಿ ಹೊತ್ತು ಮೇನ್ ಸ್ವಿಚ್ ತೆಗೆದು, ಆಂಬುಲೆನ್ಸಿನಿಂದ ಹೆರಿಗೆ ಟೇಬಲ್ಲಿನವರೆಗೆ ಸ್ಟ್ರೆಚರ್ ಒಯ್ದು ಪರೀಕ್ಷಿಸಬೇಕು. ಗಾಲಿ ಎಲ್ಲಿ ಸಿಕ್ಕಿತೋ, ಬೆಳಕು ಎಲ್ಲಿ ತಪ್ಪಿತೋ ಅದನ್ನು ಸರಿಪಡಿಸದೆ ಗುತ್ತಿಗೆದಾರರ ಕೊನೆಯ ಬಿಲ್ ಪಾವತಿಯಾಗಬಾರದು.

ಜಕ್ಕಲಿಯಂಥ ಊರುಗಳ ಜನ ಶಾಸಕರ ಮುಂದೆ ಹೊಸ ಆಸ್ಪತ್ರೆಯ ಬೇಡಿಕೆ ಇಡುತ್ತಾರೆ. ಮಂಜೂರಾತಿ ಆದೇಶ ಕೈಗೆ ಬಂದ ದಿನ ಪಟಾಕಿ ಹಚ್ಚಿ ಸುಮ್ಮನಾಗಬೇಡಿ. ಆರೋಗ್ಯ ರಕ್ಷಾ ಸಮಿತಿಯ ಸದಸ್ಯರು, ಗ್ರಾಮಸಭೆಯ ಹೆಣ್ಣುಮಕ್ಕಳು ಒಟ್ಟಾಗಿ ಹೋಗಿ ನಕ್ಷೆ ತೋರಿಸಿ ಎಂದು ಕೇಳಿ. ಅಲ್ಲಿ ಹೆರಿಗೆಗೆ ಹೋಗುವವರು ನೀವೇ.